ಕಲಬುರಗಿ ಬಿಸಿಲಿಗೆ ಹೊಸ ಗೇಮಿಂಗ್ ಪಿಸಿ: ಯಾವ ಪ್ರೊಸೆಸರ್ ತಗೊಳ್ಳಲಿ?

ಬಿಸಿಲೂರ ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ಹೊಸ ಪಿಸಿ ಕಟ್ಟಿಸ್ಲಕತ್ತೀನಿ. ಇಂಜಿನಿಯರಿಂಗ್ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸ್. ಮಾನಿಟರ್ ಬಿಟ್ಟು ಬಜೆಟ್ 85,000 ರೂಪಾಯಿ. ಅದರಾಗ ಅರ್ಧ ಅಪ್ಪಾಜಿ ಕೊಡ್ತಾರ, ಉಳಿದದ್ದು ನಾ ಟ್ಯೂಷನ್ ಹೇಳಿ ಕೂಡಿಟ್ಟದ್ದು. ದಿನಾ ಆಡೋದು ವ್ಯಾಲರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2). ರಜಾ ಇದ್ದಾಗ ಸೈಬರ್‌ಪಂಕ್ 2077, ಜಿಟಿಎ 5. ಮಾನಿಟರ್ 1080ಪಿ, 144 ಹರ್ಟ್ಜ್, ಅದು ಆಗ್ಲೇ ಅದ. ಕಾಲೇಜಿನ ಕೆಲಸಕ್ಕ ಆಂಡ್ರಾಯ್ಡ್ ಸ್ಟುಡಿಯೋ (ಮೊಬೈಲ್ ಆ್ಯಪ್ ಮಾಡೋ ಸಾಫ್ಟ್‌ವೇರ್) ಬೇಕೇ ಬೇಕು.

ಊರಾಗ ಒಬ್ಬರು ಕೊಟೇಶನ್ ಕೊಟ್ಟಾರ: ಇಂಟೆಲ್ ಐ7-14700ಎಫ್, ಅದಕ್ಕ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡ್. "ಪ್ರೊಸೆಸರ್ ದೊಡ್ಡದು ಹಾಕ್ಕೋ, ಕಾರ್ಡ್ ಮುಂದ ಬದಲಿ ಮಾಡ್ಬಹುದು" ಅಂದ್ರು. ಯೂಟ್ಯೂಬ್‌ನಾಗ ನೋಡಿದ್ರ ಎಲ್ಲಾರೂ ಎಎಂಡಿಯವರ ಎಕ್ಸ್3ಡಿ ಪ್ರೊಸೆಸರ್, ಎಕ್ಸ್3ಡಿ ಅಂತಾರ. ನನ್ನ ರೂಮು ಮಾಳಿಗಿ ಮ್ಯಾಲ, ಎಸಿ ಇಲ್ಲ, ಕೂಲರ್ ಅಷ್ಟ. ಏನ್ ಮಾಡ್ಲಿ ಹೇಳ್ರಿ.

ಭೀಮಾ ದಂಡೆ (ಜೇವರ್ಗಿ)

ತಮ್ಮಾ, 14700ಎಫ್ ಕೆಲಸಕ್ಕ ಬಾರದ ಪ್ರೊಸೆಸರ್ ಅಲ್ಲ. ಆದ್ರ ಆ ಕೊಟೇಶನ್‌ನಾಗ ನಿನ್ನ ರೊಕ್ಕ ಎಲ್ಲಾ ಒಂದೇ ಕಡಿ ಹೋಗಿ ಕುಂತದ. 20 ಕೋರಿನ (ಕೋರ್ ಅಂದ್ರ ಒಳಗ ಲೆಕ್ಕ ಹಾಕೋ ಘಟಕ) ಪ್ರೊಸೆಸರಿಗೆ 3050 ಹಚ್ಚಿ ಸೈಬರ್‌ಪಂಕ್ ಆಡಿದ್ರ ಪ್ರೊಸೆಸರ್ ಮುಕ್ಕಾಲು ಪಾಲು ಸುಮ್ನ ಕುಂತಿರ್ತದ, ಕಾರ್ಡ್ ಒಂದೇ ದುಡೀತಿರ್ತದ.

ಯಾಕಂದ್ರ ಒಂದೊಂದು ಫ್ರೇಮ್ ಪರದೆಗೆ ಬರೋದು ಎರಡು ಕೈ ದಾಟಿ. ಯಾರು ಎಲ್ಲಿ ನಿಂತಾರ, ಗುಂಡು ಎಲ್ಲಿ ಬಡೀತು, ಏನೇನು ಬಿಡಿಸಬೇಕು ಅಂತ ಲೆಕ್ಕ ಹಾಕಿ ಕೊಡೋದು ಪ್ರೊಸೆಸರ್. ಅದನ್ನ ಬಿಡಿಸೋದು ಗ್ರಾಫಿಕ್ಸ್ ಕಾರ್ಡ್. ಮನ್ಯಾಗ ಒಬ್ಬರು ರೊಟ್ಟಿ ಬಡೀತಾರ, ಇನ್ನೊಬ್ಬರು ಹಂಚಿನ ಮ್ಯಾಲ ಬೇಯಿಸ್ತಾರಲ್ಲ, ಹಂಗ. ಬಡಿಯೋರು ತಡಾ ಮಾಡಿದ್ರ ಹಂಚು ಖಾಲಿ ಕಾಯ್ತದ, ಬೇಯಿಸೋರು ತಡಾ ಮಾಡಿದ್ರ ಬಡಿದ ರೊಟ್ಟಿ ಒಣಗ್ತಾವ. ವ್ಯಾಲರಂಟ್, ಸಿಎಸ್2ನಾಗ ಕಾರ್ಡಿಗೆ ಕೆಲಸ ಕಮ್ಮಿ, ಅಲ್ಲಿ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್‌ನಾಗ ಕಾರ್ಡ್ ಮುಖ್ಯ. ನೀ ಎರಡೂ ಆಡ್ತಿ, ಅಂದ್ರ ಎರಡೂ ಸರಿಸಮ ಇರಬೇಕು.

ಇನ್ನ ನಮ್ಮ ಊರಿನ ಮಾತು. 14700ಎಫ್ ಮ್ಯಾಲ 65 ವ್ಯಾಟ್ ಅಂತ ಬರೆದಿರ್ತದ. ಅದು ಬೇಸ್ ಪವರ್. ಇಂಟೆಲ್‌ನವರೇ ಅದರ ಗರಿಷ್ಠ ಟರ್ಬೊ ಪವರ್ 219 ವ್ಯಾಟ್ ಅಂತ ಹೇಳ್ಯಾರ. ಅಷ್ಟು ವ್ಯಾಟ್ ಕೊನಿಗೆ ಶಾಖ ಆಗಿ ನಿನ್ನ ರೂಮಿಗೇ ಬರ್ತದ. ನೀ ನೋಡೋ ರಿವ್ಯೂ ಎಲ್ಲಾ 20ರಿಂದ 25 ಡಿಗ್ರಿ ಇರೋ ರೂಮಿನಾಗ ಮಾಡಿದ್ದು. ಪ್ರೊಸೆಸರ್ ಮ್ಯಾಲ ಕೂಡಿಸೋ ಕೂಲರ್ ಏನು ಮಾಡ್ತದ? ಪ್ರೊಸೆಸರ್ ಶಾಖವನ್ನ ರೂಮಿನ ಗಾಳಿಗೆ ದಾಟಿಸ್ತದ ಅಷ್ಟ. ರೂಮಿನ ಗಾಳಿಗಿಂತ ತಣ್ಣಗ ಅದು ಯಾವತ್ತೂ ಮಾಡಂಗಿಲ್ಲ. ಅವರ ರೂಮಿನಾಗ 70 ತೋರಿಸಿದ ಪ್ರೊಸೆಸರ್, ಮೇ ತಿಂಗಳು ಮಧ್ಯಾಹ್ನ ನಿನ್ನ 40 ಡಿಗ್ರಿ ಮಾಳಿಗಿ ರೂಮಿನಾಗ ಅದೇ ಕೆಲಸಕ್ಕ 85, 90 ತೋರಿಸ್ತದ. ಅದಕ್ಕೇ ನಮ್ಮ ಕಡಿ ಪ್ರೊಸೆಸರ್ ಆರಿಸೋವಾಗ ಮೊದಲು ವ್ಯಾಟ್ ನೋಡ್ಬೇಕು, ಆಮ್ಯಾಲ ಕೋರ್ ಎಣಿಸ್ಬೇಕು.

ನನ್ನ ಮಾತು: 6 ಕೋರ್, 12 ಥ್ರೆಡ್ (ಒಮ್ಮಿಗೇ ಹಿಡಿಯೋ ಕೆಲಸದ ಸಾಲು) ಇರೋ ಕಮ್ಮಿ ವ್ಯಾಟಿಂದು ತಗೋ, ಉಳಿದ ರೊಕ್ಕ ಕಾರ್ಡಿಗೆ ಹಾಕು. ಎಎಂಡಿ ರೈಜನ್ 5 7600 ನಿನಗ ಸರಿ ಕೂಡ್ತದ. ಅದರ ಡಬ್ಬಿ ಮ್ಯಾಲೂ 65 ವ್ಯಾಟೇ ಅದ, ಆದ್ರ ಅದು ಎಳೆಯೋ ಮಿತಿ 88 ವ್ಯಾಟ್. 219 ಎಲ್ಲಿ, 88 ಎಲ್ಲಿ.

ಬೀದರ್ ಕೋಟೆ (ಬೀದರ್)

ಅಣ್ಣಾ, ವ್ಯಾಟ್ ವಿಷಯ ಒಪ್ಪಿದೆ. ಆದ್ರ 7600 ಅಂದ ಕೂಡ್ಲೇ ಹೊಸ ತಲೆಮಾರಿನ ಡಿಡಿಆರ್5 ರ್‍ಯಾಮ್ ಬೇಕು, ಎಎಂ5 (ಎಎಂಡಿ ಪ್ರೊಸೆಸರ್ ಕೂಡೋ ಹೊಸ ಸಾಕೆಟ್) ಬೋರ್ಡ್ ಬೇಕು. ಎಐ ಸರ್ವರ್‌ಗಳ ಸಲುವಾಗಿ 2025ರ ಕೊನಿಯಿಂದ ರ್‍ಯಾಮ್ ಬೆಲೆ ಎಲ್ಲಿಗೆ ಹೋಗ್ಯದ ನೋಡಿರೇನು? ಐ5-12400ಎಫ್ ನೋಡ್ರಿ. ಅದೂ 6 ಕೋರ್, 12 ಥ್ರೆಡ್. ಹಿಂದಿನ ತಲೆಮಾರಿನ ಡಿಡಿಆರ್4 ಬೋರ್ಡಿಗೂ ಕೂಡ್ತದ, ಗರಿಷ್ಠ 117 ವ್ಯಾಟ್, ಮತ್ತ ಆಡೋವಾಗ ಅಷ್ಟು ಎಳೆಯಂಗೇ ಇಲ್ಲ. ಬೀದರ್‌ನಾಗ ನಮ್ಮ ಗೆಳೆಯರ ಬಳಗಕ್ಕ ನಾ ಕಟ್ಟಿಸಿಕೊಟ್ಟ ಪಿಸಿ ಹೆಚ್ಚಾಗಿ ಇದೇ. ಒಂದೂ ಕಿರಿಕಿರಿ ಇಲ್ಲ.

ಹುಡುಗ, ಮನ್ಯಾಗ ಹಳೆ ಪಿಸಿ ಏನರ ಅದ? ಡಿಡಿಆರ್4 ರ್‍ಯಾಮ್ ಇದ್ರ ಲೆಕ್ಕ ಪೂರಾ ಬದಲಿ ಆಗ್ತದ.

ಬಿಸಿಲೂರ ಹುಡುಗ

ಅದರಿ ಅಣ್ಣಾ. ರೈಜನ್ 3 2200ಜಿ, ಬಿ450 ಬೋರ್ಡ್, 8 ಜಿಬಿಯವು ಎರಡು ರ್‍ಯಾಮ್, 3200 ಮೆಗಾಹರ್ಟ್ಜ್. ಕಾರ್ಡ್ ಇಲ್ಲ. ವ್ಯಾಲರಂಟ್ ಅದರ ಮ್ಯಾಲೇ ಆಡ್ತೀನಿ ಈಗ.

ಬೀದರ್ ಕೋಟೆ

ಹಂಗಿದ್ರ ಬೋರ್ಡ್ ತೆಗೀಬ್ಯಾಡ! ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜನ್ 5 5600 ಕೂಡಿಸು. ಉಳಿದದ್ದೆಲ್ಲಾ ಕಾರ್ಡಿಗೆ. 85,000ದಾಗ ಎಂಥಾ ಕಾರ್ಡ್ ಬರ್ತದ ವಿಚಾರ ಮಾಡು.

ಲ್ಯಾಬ್ ಅಕ್ಕ (ಕಲಬುರಗಿ)

ಬೀದರ್‌ನವರು ಹೇಳಿದ್ದು ಖರೇ ಅದ, ಆದ್ರೆ ಅಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, 5600 ಅಂತ ಕೇಳಿದಾಗ ಅಂಗಡಿಯಲ್ಲಿ 5500 ಅಥವಾ 5600ಜಿಟಿ ಕೊಟ್ಟು "ಹೆಚ್ಚು ಕಮ್ಮಿ ಒಂದೇ" ಅನ್ನೋರಿದ್ದಾರೆ. ಒಂದೇ ಅಲ್ಲ. 5600ರಲ್ಲಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 32 ಎಂಬಿ, ಪಿಸಿಐಇ (ಕಾರ್ಡಿಗೆ ಡೇಟಾ ಹೋಗಿ ಬರೋ ದಾರಿ) 4.0. ಉಳಿದೆರಡರಲ್ಲೂ ಕ್ಯಾಶ್ 16 ಎಂಬಿ, ಪಿಸಿಐಇ 3.0. ಗೇಮ್‌ಗೆ ಕ್ಯಾಶ್ ಅರ್ಧ ಆದ್ರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬೀಳುತ್ತೆ.

ಎರಡು, ಬಿ450 ಬೋರ್ಡ್ ಕಾರ್ಡಿಗೆ ಕೊಡೋದೇ ಪಿಸಿಐಇ 3.0. ಆರ್‌ಟಿಎಕ್ಸ್ 5060 ಬಳಸೋದು ಆ ದಾರಿಯ ಎಂಟೇ ಲೇನ್. ಹಳೆ ವೇಗದ ಎಂಟು ಲೇನ್, ಮೇಲೆ ಕಾರ್ಡಿನ ಮೆಮೊರಿ 8 ಜಿಬಿ. ಆ ಮೆಮೊರಿ ತುಂಬಿದಾಗ ಡೇಟಾ ಆ ಸಣ್ಣ ದಾರಿಯಲ್ಲೇ ಓಡಾಡಬೇಕು, ಆಟ ತಡವರಿಸುತ್ತೆ. ಹಳೆ ಬೋರ್ಡ್ ಉಳಿಸಿಕೊಂಡ್ರೆ ಹದಿನಾರು ಲೇನ್ ಇರುವ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಹೆಚ್ಚು ಸೂಕ್ತ.

ಆದ್ರೆ ತಮ್ಮಾ, ನಾನು ಕೇಳಬೇಕಾದ್ದು ಬೇರೆ. ಆ ಹಳೆ ಪಿಸಿ ಮನೆಯಲ್ಲಿ ಇನ್ಯಾರಿಗೂ ಬೇಡವಾ?

ಬಿಸಿಲೂರ ಹುಡುಗ

ತಂಗಿಗೆ ಬೇಕು ಅಕ್ಕಾ. ಈ ಸಲ ಪಿಯುಸಿ ಸೈನ್ಸ್. ಆನ್‌ಲೈನ್ ಕ್ಲಾಸು, ಸಿಇಟಿ ಮಾಕ್ ಟೆಸ್ಟು ಎಲ್ಲಾ ಅದರ ಮ್ಯಾಲೇ. ಹೊಸದು ಬಂದ ಮ್ಯಾಲ ಹಳೇದು ಪೂರಾ ಅಕಿಗೇ ಅಂತ ಮಾತು ಕೊಟ್ಟೀನಿ.

ಲ್ಯಾಬ್ ಅಕ್ಕ

ಹಾಗಾದ್ರೆ ಆ ಪಿಸಿ ಮುಟ್ಟಬೇಡ. 2200ಜಿ ಒಳಗೇ ಗ್ರಾಫಿಕ್ಸ್ ಇದೆ, ಕಾರ್ಡ್ ಇಲ್ಲದೆ ನಡೀತದೆ. 5600ರಲ್ಲಿ ಅದಿಲ್ಲ. ನೀನು ಕಾರ್ಡ್ ರಿಪೇರಿಗೆ ಕಳಿಸಿದ ದಿನ ತಂಗಿಗೂ ಪರದೆ ಕಪ್ಪು. ಓದೋ ಹುಡುಗಿಯ ಯಂತ್ರ ಬಿಚ್ಚಿ ಆಟದ ಯಂತ್ರ ಮಾಡೋದು ನನಗೆ ಒಪ್ಪಿಗೆ ಇಲ್ಲ.

ಬೀದರ್ ಕೋಟೆ

ಅಕ್ಕ ಹೇಳಿದ್ದು ಸರಿ ಅದ. ತಂಗಿದು ಬಿಡು.

ಬಿಸಿಲೂರ ಹುಡುಗ

ಸರಿರಿ, ಪೂರಾ ಹೊಸದೇ ಕಟ್ಟಿಸ್ತೀನಿ. ಈಗ ಎಕ್ಸ್3ಡಿ ಬಗ್ಗೆ ಹೇಳ್ರಿ. ಸಿಎಸ್2ಗೆ ಅದಕ್ಕಿಂತ ಮುಂದ ಯಾವುದೂ ಇಲ್ಲ ಅಂತಾರ. ಖರೇ ಏನು? ಹೆಂಗರ ಮಾಡಿ ಅದನ್ನೇ ತಗೊಂಡ್ರ?

ಶಹಾಪುರ ಬೆಟ್ಟ (ಊರು ಶಹಾಪುರ, ಇರೋದು ಬೆಂಗಳೂರು)

ಖರೇನೇ. ನಾನು ಸಿಎಸ್2 ಟೂರ್ನಮೆಂಟ್ ಆಡ್ತೀನಿ, ನನ್ನ ಹತ್ತಿರ 7800ಎಕ್ಸ್3ಡಿ ಇದೆ. ಅದು ಯಾಕೆ ಮುಂದಿದೆ ಅಂತ ತಿಳಿದ್ರೆ ನಿನಗೆ ಬೇಕಾ ಬೇಡವಾ ಅಂತಲೂ ಗೊತ್ತಾಗುತ್ತೆ.

ಗೇಮ್ ನಡೆಯುವಾಗ ಪ್ರೊಸೆಸರ್‌ಗೆ ಬೇಕಾದ ಡೇಟಾ ಒಂದೇ ಸಾಲಲ್ಲಿ ಸಿಗಲ್ಲ, ಅಲ್ಲಲ್ಲಿ ಚೆದುರಿರುತ್ತೆ. ಪಕ್ಕದ ಕ್ಯಾಶ್‌ನಲ್ಲಿ ಸಿಗಲಿಲ್ಲ ಅಂದ್ರೆ ರ್‍ಯಾಮ್ ತನಕ ಹೋಗಿ ಬರಬೇಕು, ಅಷ್ಟು ಹೊತ್ತು ಕೋರ್ ಕಾಯಬೇಕು. ಎಎಂಡಿ ಮಾಡಿದ್ದೇನು ಅಂದ್ರೆ, ಇನ್ನೊಂದು ಪದರ ಕ್ಯಾಶ್ ತಂದು ಚಿಪ್ ಮೇಲೆ ಕೂರಿಸಿತು. 2022ರ 5800ಎಕ್ಸ್3ಡಿಯಲ್ಲಿ, 2023ರ 7800ಎಕ್ಸ್3ಡಿಯಲ್ಲಿ ಒಟ್ಟು ಎಲ್3 96 ಎಂಬಿ. ಮಾಮೂಲಿ ಎಂಟು ಕೋರಿನದಕ್ಕೆ ಮೂರು ಪಟ್ಟು. ಕಾಯೋದು ಕಮ್ಮಿ ಆದ ಕೂಡಲೇ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಏರಿತು. ಮೇಲೆ ಕೂತ ಕ್ಯಾಶ್ ಶಾಖ ಹೊರಗೆ ಬರೋದಕ್ಕೆ ಅಡ್ಡ ಆಗ್ತಿತ್ತು. ಅದಕ್ಕೆ 7800ಎಕ್ಸ್3ಡಿಗೆ 89 ಡಿಗ್ರಿಯೇ ಮಿತಿ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಕ್ಯಾಶನ್ನ ಕೋರ್‌ಗಳ ಕೆಳಗೆ ಇಟ್ಟರು, ಮಿತಿ 95ಕ್ಕೆ ಏರಿತು.

ಈಗ ನಿನ್ನ ಮಾನಿಟರ್ ನೋಡು. 144 ಹರ್ಟ್ಜ್ ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತೆ, ಅಷ್ಟೇ. ವ್ಯಾಲರಂಟ್‌ನಲ್ಲಿ 7600 ಅದನ್ನು ಆರಾಮವಾಗಿ ದಾಟುತ್ತೆ. ಸಿಎಸ್2ನಲ್ಲಿ ಹೊಗೆ ಬಾಂಬ್ ಬಿದ್ದು ಎಲ್ಲರೂ ಒಂದೇ ಸೈಟ್‌ಗೆ ನುಗ್ಗಿದಾಗ ಇಳಿಯುತ್ತೆ. ಆ ಇಳಿತ ಎಷ್ಟು ಅನ್ನೋದನ್ನ ರಿವ್ಯೂಗಳಲ್ಲಿ "1 ಪರ್ಸೆಂಟ್ ಲೋ" ಅಂತ ಹಾಕಿರ್ತಾರೆ. ಸರಾಸರಿ ನೋಡಬೇಡ, ಅದನ್ನ ನೋಡು. 360 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು ಬಹುಮಾನಕ್ಕೆ ಆಡೋ ನನ್ನಂಥವನಿಗೆ ಎಕ್ಸ್3ಡಿ ಅರ್ಥವಿದೆ. ನಿನ್ನ ಬಜೆಟ್‌ನಲ್ಲಿ ಅದನ್ನ ತುರುಕಿದ್ರೆ ಕಾರ್ಡಿಗೆ ಏನೂ ಉಳಿಯಲ್ಲ, ಸೈಬರ್‌ಪಂಕ್ ಮರೆತುಬಿಡಬೇಕು.

ಇನ್ನೊಂದು, ಎಎಂ5 ಸಾಕೆಟ್‌ಗೆ 2027 ಮತ್ತು ಆಚೆಗೂ ಹೊಸ ಪ್ರೊಸೆಸರ್ ಕೊಡ್ತೀವಿ ಅಂತ ಎಎಂಡಿ ಹೇಳಿದೆ. ಈಗ 7600 ಹಾಕಿ, ಕೆಲಸ ಸಿಕ್ಕಮೇಲೆ ಅದೇ ಬೋರ್ಡ್ ಮೇಲೆ ಎಕ್ಸ್3ಡಿ ಕೂರಿಸಬಹುದು. 12400ಎಫ್ ಕೂರುವ ಎಲ್‌ಜಿಎ 1700 ಸಾಕೆಟ್ 14ನೇ ತಲೆಮಾರಿಗೇ ಮುಗಿದಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಇಂಟೆಲ್ ಬೇರೆ ಸಾಕೆಟ್ ಮಾಡಿತು.

ಬೀದರ್ ಕೋಟೆ

ಸಾಕೆಟ್ ಮುಗಿದದ ಖರೇ. ಆದ್ರ ಎಷ್ಟು ಮಂದಿ ಖರೇ ಪ್ರೊಸೆಸರ್ ಬದಲಿ ಮಾಡ್ತಾರ? ನಮ್ಮ ಬಳಗದಾಗ ಒಮ್ಮಿ ಕಟ್ಟಿಸಿದ್ರ ಪಿಸಿ ಸಾಯೋ ತನಕ ಅದೇ. ಕಮ್ಮಿ ರೊಕ್ಕದಾಗ ಒಳ್ಳೆ ಕಾರ್ಡ್ ಬೇಕಾದ್ರ 12400ಎಫ್ ಇವತ್ತಿಗೂ ಖರೀದಿ ಮಾಡೋ ಪ್ರೊಸೆಸರೇ. ವಿಡಿಯೋ ಎಡಿಟಿಂಗ್ ಇದ್ರ ಎಫ್ ಇಲ್ಲದ 12400 ತಗೋಬೇಕು, ಅದರಾಗ ಗ್ರಾಫಿಕ್ಸ್ ಇರ್ತದ, ಕ್ವಿಕ್ ಸಿಂಕ್ (ವಿಡಿಯೋ ಕೆಲಸ ಲಗೂನ ಮುಗಿಸೋ ಭಾಗ) ಸಿಗ್ತದ. ಮತ್ತ 13, 14ನೇ ತಲೆಮಾರಿನಾಗ ವೋಲ್ಟೇಜ್ ಜಾಸ್ತಿ ಹೋಗಿ ಚಿಪ್ ಹಾಳಾಗೋ ತೊಂದರಿ ಬಂತಲ್ಲ, ಅದು 12ನೇ ತಲೆಮಾರಿಗೆ ಇಲ್ಲ.

ಭೀಮಾ ದಂಡೆ

ಆ ತೊಂದರಿ ಹುಡುಗನ ಕೊಟೇಶನ್‌ಗೂ ಸಂಬಂಧಪಟ್ಟದ್ದು, ಬಿಡಿಸಿ ಹೇಳ್ತೀನಿ. 13, 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಾಗ ಜಾಸ್ತಿ ವೋಲ್ಟೇಜ್ ಹೋಗಿ ಒಳಗಿನ ಸರ್ಕ್ಯೂಟ್ ಸವೀತಿತ್ತು. ಗೇಮ್ ತಾನೇ ಬಂದ್ ಆಗೋದು, ಪಿಸಿ ನೀಲಿ ಪರದೆ ತೋರಿಸೋದು. 2024ರಾಗ ಇಂಟೆಲ್ ಒಪ್ಪಿಕೊಂಡು ಮೈಕ್ರೊಕೋಡ್ (ಬಯಾಸ್ ಜೊತಿ ಬರೋ ಪ್ರೊಸೆಸರಿನ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನ ಇನ್ನೆರಡು ವರ್ಷ ಹೆಚ್ಚಿಸಿತು. ಸವೆದದ್ದನ್ನ ಮೈಕ್ರೊಕೋಡ್ ಸರಿ ಮಾಡಂಗಿಲ್ಲ, ಮುಂದ ಸವೆಯದಂಗ ತಡೀತದ. ಹೊಸ ಚಿಪ್ ತಗೊಂಡು ಮೊದಲೇ ಬಯಾಸ್ ಅಪ್‌ಡೇಟ್ ಮಾಡಿದ್ರ ಚಿಂತಿ ಕಮ್ಮಿ. ಬಳಸಿದ 13700, 14700 ಯಾರರ ಅಗ್ಗಾ ಕೊಡ್ತೀನಂದ್ರ ಮಾತ್ರ ತಗೋಬ್ಯಾಡ್ರಿ. ಹಿಂದ ಅದು ಹೆಂಗ ಓಡ್ಯದ ಅಂತ ಹೊರಗಿಂದ ತಿಳಿಯಂಗಿಲ್ಲ.

ತೊಗರಿ ಹೊಲ (ಸೇಡಂ)

ಕರೆಂಟಿನ ಬಗ್ಗೆ ಯಾರೂ ಬರೀಲಿಲ್ಲಲ್ಲ, ಅದಕ್ಕ ಬರೀಲಕತ್ತೀನಿ. ನಾ ನಿವೃತ್ತ ಎಲೆಕ್ಟ್ರಿಕಲ್ ಮೇಷ್ಟ್ರು, ಮಗನ ಸಲುವಾಗಿ ಇದೆಲ್ಲಾ ಓದ್ಕೊಂಡೀನಿ.

ಬ್ಯಾಸಗಿ ದಿನ ಸಂಜಿ ಮುಂದ ಗಾಳಿ ಬಿಟ್ಟಿತಂದ್ರ ಕರೆಂಟ್ ಹೋಗಿ ಬಂದು ಮಾಡ್ತದ. 600 ವಿಎ ಯುಪಿಎಸ್ ಅಂದ್ರ ಸಾಮಾನ್ಯವಾಗಿ 360 ವ್ಯಾಟ್ ತನಕ. ಈಗ ಕೂಡಿಸಿ ನೋಡ್ರಿ: 14700ಎಫ್ ಪೂರಾ ಓಡಿದ್ರ 219, ಕಾರ್ಡ್ ಆರ್‌ಟಿಎಕ್ಸ್ 5060 ಆದ್ರ 145, ಬೋರ್ಡ್, ಫ್ಯಾನ್, ಮಾನಿಟರ್ ಬ್ಯಾರೇ. ಯುಪಿಎಸ್ ಕೈ ಬಿಡ್ತದ. 88 ವ್ಯಾಟಿನ 7600 ಇದ್ರ ಒಟ್ಟು 300ರ ಒಳಗ ನಿಂತೀತು, ಗೇಮ್ ಸೇವ್ ಮಾಡಿ ಬಂದ್ ಮಾಡ್ಲಿಕ್ಕೆ ಟೈಮ್ ಸಿಗ್ತದ. ಆದ್ರೂ 1000 ವಿಎದ್ದು ತಗೊಂಡ್ರ ಚಿಂತಿಲ್ಲ.

ಮನಿ ಇನ್ವರ್ಟರ್ ಮ್ಯಾಲೇ ಓಡಿಸ್ತೀನಂದ್ರ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಾಗ ಇರಬೇಕು. ಮಾಮೂಲಿ ಮೋಡ್‌ನಾಗ ಬದಲಿ ಆಗ್ಲಿಕ್ಕೆ ತಗೊಳ್ಳೋ ಹೊತ್ತಿನಾಗ ಪಿಸಿ ರೀಸ್ಟಾರ್ಟ್ ಆಗ್ತದ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್ ತುಂಬಿದ ಲೋಡಿನ ಮ್ಯಾಲ ಹಿಡಿಯೋದೇ 16, 17 ಮಿಲಿಸೆಕೆಂಡ್. ಲೋಡ್ ಕಮ್ಮಿ ಇದ್ದಷ್ಟು ಹೆಚ್ಚು ಹೊತ್ತು ಹಿಡೀತದ, ಅಲ್ಲೂ ಕಮ್ಮಿ ವ್ಯಾಟಿನ ಪ್ರೊಸೆಸರೇ ಅನುಕೂಲ. ಗೋಡಿ ಪ್ಲಗ್ಗಿಗೆ ಅರ್ಥಿಂಗ್ ಅದನೋ ಇಲ್ಲೋ ಮೊದಲು ಚೆಕ್ ಮಾಡಿಸಪ್ಪಾ.

ಬಿಸಿಲೂರ ಹುಡುಗ

ಸರ್, ಇದು ನನ್ನ ತಲ್ಯಾಗೇ ಇರಲಿಲ್ಲ. ಇನ್ವರ್ಟರ್ ನೋಡಿದೆ, ಸ್ವಿಚ್ ಮಾಮೂಲಿ ಕಡಿಗೇ ಇತ್ತು. ಬದಲಿ ಮಾಡ್ದೆ.

ರ್‍ಯಾಮ್ ಬಗ್ಗೆ ಹೇಳ್ರಿ. ಬೆಲೆ ನೋಡಿ ಎದಿ ಝಲ್ ಅಂತು. 16 ಜಿಬಿದು ಒಂದೇ ಸ್ಟಿಕ್ ಹಾಕಿ, ಮುಂದ ಇನ್ನೊಂದು ಹಾಕಿದ್ರ ನಡೀತದೇನು?

ಶಹಾಪುರ ಬೆಟ್ಟ

ನಡೆಯುತ್ತೆ, ಆದ್ರೆ ಒಂದೇ ಸ್ಟಿಕ್ ಅಂದ್ರೆ ಅರ್ಧ ಬ್ಯಾಂಡ್‌ವಿಡ್ತ್, ಡೇಟಾ ಹರಿಯೋ ದಾರಿ ಅರ್ಧ ಆಗುತ್ತೆ. ಎಕ್ಸ್3ಡಿ ಅಲ್ಲದ ರೈಜನ್‌ಗೆ ರ್‍ಯಾಮ್ ವೇಗ ತುಂಬಾ ಮುಖ್ಯ. ಆಗಲೇ ಹೇಳಿದ ಆ 1 ಪರ್ಸೆಂಟ್ ಲೋ ಇಲ್ಲೇ ಬೀಳೋದು. 6000 ವೇಗದ್ದು, ಸಿಎಲ್30 (ತಡ ಕಮ್ಮಿ ಇರೋದು), ಎಕ್ಸ್‌ಪೋ (ಆ ವೇಗವನ್ನ ಬಯಾಸ್‌ನಲ್ಲಿ ಆನ್ ಮಾಡೋ ಸೆಟ್ಟಿಂಗ್) ಇರುವ ಜೋಡಿ ಸಿಕ್ರೆ ಅದನ್ನೇ ತಗೋ.

ಲ್ಯಾಬ್ ಅಕ್ಕ

ಆಂಡ್ರಾಯ್ಡ್ ಸ್ಟುಡಿಯೋ, ಅದರ ಎಮ್ಯುಲೇಟರ್ (ಪಿಸಿಯೊಳಗೇ ಓಡೋ ನಕಲಿ ಫೋನ್), ಪಕ್ಕದಲ್ಲಿ ಬ್ರೌಸರ್ ತೆರೆದ್ರೆ 16 ಜಿಬಿ ಅಲ್ಲಿಗೇ ಮುಗೀತು. ಲ್ಯಾಬ್‌ನಲ್ಲಿ ದಿನಾ ನೋಡ್ತೀನಿ, ಹುಡುಗರು ಬಿಲ್ಡ್ ಒತ್ತಿ ಹೊರಗೆ ಚಹಾ ಕುಡಿದು ಬರ್ತಾರೆ. ಆಗೋದಾದ್ರೆ 16ರದು ಎರಡು ಹಾಕಿಸು. ಕಾರ್ಡನ್ನ ಬೇಕಾದ್ರೆ ಒಂದು ಮೆಟ್ಟಿಲು ಇಳಿಸು.

ಇನ್ನು 7600 ಕಡೆಗೆ ನನ್ನ ಒಲವು ಯಾಕೆ ಅಂದ್ರೆ, ಅದರೊಳಗೆ ಸಣ್ಣದೊಂದು ಗ್ರಾಫಿಕ್ಸ್ ಇದೆ. ಆಟಕ್ಕೆ ಬರಲ್ಲ, ಪರದೆ ಹೊತ್ತಿಸೋದಕ್ಕೆ ಸಾಕು. ನಮ್ಮ ಊರಲ್ಲಿ ಕಾರ್ಡ್ ಕೆಟ್ಟರೆ ಅದು ಹೈದರಾಬಾದ್‌ಗೋ ಬೆಂಗಳೂರಿಗೋ ಹೋಗಿ ಬರಬೇಕು. ಅಷ್ಟು ದಿನ 12400ಎಫ್ ಇದ್ದವರು ಡಬ್ಬಿ ನೋಡ್ತಾ ಕೂರಬೇಕು, 7600 ಇದ್ದವರು ಪ್ರಾಜೆಕ್ಟ್ ಮುಗಿಸ್ಕೋಬಹುದು. 7500ಎಫ್ ಅಗ್ಗಕ್ಕೆ ಸಿಗುತ್ತೆ, ವೇಗವೂ ಹತ್ತಿರ ಹತ್ತಿರ, ಆದ್ರೆ ಅದರಲ್ಲೂ ಗ್ರಾಫಿಕ್ಸ್ ಇಲ್ಲ.

ಡಬ್ಬಿ ಇರೋದೇ ತಗೋ. ಟ್ರೇ ಚಿಪ್‌ಗೆ (ಡಬ್ಬಿ ಇಲ್ಲದೆ ಬಿಡಿಯಾಗಿ ಮಾರೋದು) ಅಂಗಡಿಯವರ ವಾರಂಟಿ ಅಷ್ಟೇ, ಡಬ್ಬಿಯದಕ್ಕೆ ಕಂಪನಿಯ ಮೂರು ವರ್ಷ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಅಂಗಡಿ ಇಳಿಬೇಡ.

ಬೀದರ್ ಕೋಟೆ

ಕಾರ್ಡ್ ಕೆಟ್ಟಾಗ ಪರದೆ ಹೊತ್ತೋದು ದೊಡ್ಡ ಮಾತು. ಇದಕ್ಕ ನನ್ನ ಹತ್ರ ಉತ್ತರ ಇಲ್ಲ. 7600 ತಗೋ ಹುಡುಗ. ಬಜೆಟ್ ಇನ್ನೂ ಕಮ್ಮಿ ಇದ್ದವರಿಗೆ ಮಾತ್ರ ನಾ 12400ಎಫ್ ಅಂತೇ ಹೇಳಾವ.

ಬಿಸಿಲೂರ ಹುಡುಗ

ಹಂಗಾದ್ರ ಹಿಂಗ ಮಾಡ್ತೀನ್ರಿ: ರೈಜನ್ 5 7600 ಡಬ್ಬಿದು, ಎಎಂ5 ಇರೋ ಬಿ650 ಬೋರ್ಡ್, 16 ಜಿಬಿ ಎರಡು, ಕಾರ್ಡ್ ಆರ್‌ಟಿಎಕ್ಸ್ 5060 ಇಲ್ಲಾ ಆರ್‌ಎಕ್ಸ್ 9060 ಎಕ್ಸ್‌ಟಿ, ರೊಕ್ಕ ಎಷ್ಟು ಉಳೀತದ ಅದರ ಮ್ಯಾಲ. ಡಬ್ಬಿಯಾಗ ಬರೋ ಕೂಲರ್ ಸಾಕಾಗ್ತದೇನು? ಗೆಳೆಯ ನಾನೂ ಕೂಡಿ ಮನ್ಯಾಗೇ ಜೋಡಿಸ್ಬೇಕಂತ ಅಂದ್ಕೊಂಡೀವಿ.

ಭೀಮಾ ದಂಡೆ

ಆಟಕ್ಕ ಸಾಕಾಗ್ತದ. ಆದ್ರ ಮೇ ತಿಂಗಳಾಗ ಆಂಡ್ರಾಯ್ಡ್ ಬಿಲ್ಡ್ ಹಚ್ಚಿದ್ರ ಆರೂ ಕೋರ್ ದುಡೀತಾವ, 95 ಡಿಗ್ರಿ ಮಿತಿಗೆ ಹೋಗಿ ಬಡೀತದ. ಆ ಸಣ್ಣ ಕೂಲರ್ ತೆಗೆದಿಟ್ಟು 120 ಎಂಎಂ ಫ್ಯಾನಿನ ಟವರ್ ಕೂಲರ್ ಹಚ್ಚು. ಅದಕ್ಕೂ ರೊಕ್ಕ ಇಲ್ಲಂದ್ರ ಬಯಾಸ್‌ನಾಗ ಇಕೊ ಮೋಡ್ ಅದ, 45 ವ್ಯಾಟ್ ಆರಿಸಿದ್ರ ಮಿತಿ 88ರಿಂದ 61ಕ್ಕ ಇಳೀತದ. ಆಟದಾಗ ಕಳೆಯೋದು ಅಲ್ಪಸ್ವಲ್ಪ. ಬ್ಯಾಸಗಿ ಮುಗಿದ ಮ್ಯಾಲ ಮೊದಲಿನಂಗ ಮಾಡ್ಕೋ.

ಜೋಡಿಸೋವಾಗ: ಎಎಂ5ನಾಗ ಪಿನ್ ಇರೋದು ಬೋರ್ಡಿನ ಸಾಕೆಟ್‌ನಾಗ, ಪ್ರೊಸೆಸರ್‌ನಾಗ ಅಲ್ಲ. ಭಾಳ ಸಣ್ಣ ಸ್ಪ್ರಿಂಗಿನಂಗ ಸಾಲಾಗಿ ಬಾಗಿ ನಿಂತಿರ್ತಾವ. ಬೆರಳು ತಾಗಿದ್ರ ಬೋರ್ಡ್ ಹೋಯ್ತು ಅಂತ ತಿಳ್ಕೋ. ಮೂಲಿಯ ತ್ರಿಕೋನ ಗುರುತು ನೋಡಿ ಪ್ರೊಸೆಸರ್ ಇಡು, ಒತ್ತಬ್ಯಾಡ. ಮ್ಯಾಲಿನ ಪ್ಲಾಸ್ಟಿಕ್ ಮುಚ್ಚಳ ಮೊದಲೇ ಕೀಳಬ್ಯಾಡ, ಲಿವರ್ ಒತ್ತಿದಾಗ ಅದೇ ಜಿಗಿದು ಬರ್ತದ. ತಂಗಿ ಪಿಸಿದು ಎಂದರ ಪೇಸ್ಟ್ (ಪ್ರೊಸೆಸರಿಂದ ಕೂಲರಿಗೆ ಶಾಖ ದಾಟಿಸೋ ಲೇಪ) ಬದಲಿ ಮಾಡೋದಿದ್ರ ಅಲ್ಲಿ ಉಲ್ಟಾ, ಪಿನ್ ಪ್ರೊಸೆಸರ್‌ನಾಗ. ಪೇಸ್ಟ್ ಒಣಗಿದ್ರ ಕೂಲರ್ ಎತ್ತಿದಾಗ ಪ್ರೊಸೆಸರೂ ಅಂಟಿಕೊಂಡು ಕಿತ್ತು ಬರ್ತದ. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ, ಆಮ್ಯಾಲ ಕೂಲರ್ ತಿರುಚಿ ತೆಗೀಬೇಕು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರ್ತದ. ಬೋರ್ಡ್ ಮ್ಯಾಲ ಡ್ರ್ಯಾಮ್ ಅಂತ ಬರೆದ ಸಣ್ಣ ದೀಪ ಹೊತ್ತಿರ್ತದ. ಡಿಡಿಆರ್5 ತನ್ನ ಟೈಮಿಂಗ್ ತಾನೇ ಹೊಂದಿಸ್ಕೊಳ್ಳೋ ಹೊತ್ತು ಅದು, ನಿಮಿಷಗಟ್ಟಲೆ ಹಿಡೀತದ. ಭಾಳ ಮಂದಿ ಅಲ್ಲೇ ಹೆದರಿ ಪ್ಲಗ್ ಕೀಳ್ತಾರ. ಕೀಳಬ್ಯಾಡ, ಕುಂತು ಕಾಯಿ.

ಕ್ಯಾಬಿನೆಟ್ ಮುಂದ ಜಾಳಿಗಿ ಇರೋದೇ ತಗೋ, ಒಳಗ ಧೂಳಿನ ಫಿಲ್ಟರ್ ಇರಬೇಕು. ಮತ್ತ ರೂಮಿನ ಕೂಲರ್ ಗಾಳಿ ನೇರ ಪಿಸಿ ಮ್ಯಾಲ ಬಿಡಬ್ಯಾಡ. ನಮ್ಮ ಬೋರ್ ನೀರಿನ ಉಪ್ಪು ಹನಿ ಜೊತಿ ಹಾರಿ ಬಂದು ಫ್ಯಾನ್ ರೆಕ್ಕಿ ಮ್ಯಾಲ ಬೆಳ್ಳಗ ಕೂಡ್ತದ, ಧೂಳು ಅದರ ಮ್ಯಾಲ ಗಟ್ಟಿ ಹಿಡೀತದ, ಬ್ರಶ್‌ಗೂ ಬರಂಗಿಲ್ಲ. ಪಿಸಿ ಒಂದು ಮೂಲಿಗೆ ಇರಲಿ, ಕಿಟಕಿ ತೆರೆದಿರಲಿ.

ಬಿಸಿಲೂರ ಹುಡುಗ

ಭಾಳ ಉಪಕಾರ ಆಯ್ತ್ರಿ ಎಲ್ಲರದೂ. ಅಪ್ಪಾಜಿಗೆ ಇದನ್ನೇ ಓದಿ ಹೇಳ್ದೆ. ಸೇಡಂ ಸರ್ ಬರೆದದ್ದು ಕೇಳಿ ಮೊದಲು ಅರ್ಥಿಂಗ್ ಮಾಡಿಸ್ತೀನಿ ಅಂದ್ರು. ಅಂಗಡಿಗೆ ಹೊಸ ಲಿಸ್ಟ್ ಕೊಟ್ಟು ಬಂದೀನಿ. ಇಲ್ಲಿ ರೇಟ್ ಹೊಂದಲಿಲ್ಲಂದ್ರ ಸಿಕಂದರಾಬಾದ್‌ನಾಗ ಸಿಟಿಸಿ ಕಂಪ್ಯೂಟರ್ ಮಾರ್ಕೆಟ್ ಒಮ್ಮಿ ನೋಡಿ ಬರ್ತೀನಿ.

ಬೀದರ್ ಕೋಟೆ

ಹೋಗೋದಾದ್ರ ಹೇಳು, ನಾನೂ ಬೀದರ್‌ನಿಂದ ಬರ್ತೀನಿ, ಒಂದು ಕಾರ್ಡ್ ತಗೋಳೋದದ. ಕಟ್ಟಿದ ಮ್ಯಾಲ ಮೇ ತಿಂಗಳಿನ ಟೆಂಪರೇಚರ್ ಇಲ್ಲೇ ಹಾಕು, ರೂಮಿನ ಡಿಗ್ರಿ ಜೊತಿಗೇ. ನಮ್ಮ ಕಡಿಯವರು ಯಾರೂ ಹಂಗ ಬರೆದಿಟ್ಟಿದ್ದು ನಾ ನೋಡಿಲ್ಲ.